ತೋಟದ ಆ ತುದಿಗೂ ಸೀಟ್ ಬೆಲ್ಟು

ತುಮಕೂರಿನ ನಮ್ಮ ಬಟವಾಡಿ ಬಡಾವಣೆಯ ಇಸ್ತ್ರಿ ಅಂಗಡಿಯಾಕೆಗೆ ನನ್ನ ಮೇಲೆ ಒಂದು ದೂರಿದೆ. ನನ್ನ ಕಾಟನ್ ಸೀರೆಯನ್ನು ಮೇಜಿನ ಮೇಲೆ ಹರಡಿ, ಎದೆಯ ಭಾಗದಲ್ಲಿ ಓರೆಯಾಗಿ ಬಿದ್ದಿರುವ ಸುಕ್ಕನ್ನು ಬೆರಳಿನಿಂದ ತೋರಿಸಿ, "ಮೇಡಂ, ಇದೊಂದು ಗೆರೆ ಎಷ್ಟ್ ತಿಕ್ಕಿದ್ರೂ ಹೋಗಲ್ಲ. ಏನ್ ಹೊತ್ಕೋತೀರಿ ನೀವು?" ಎಂದು ಕೇಳುತ್ತಾಳೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು ಹೊರುವುದಾದರೂ ಏನನ್ನು? "ಅದು ಸೀಟ್ ಬೆಲ್ಟಿನ ಗೆರೆ ಕಣಮ್ಮ" ಎಂದರೆ ಅವಳು ನಂಬುವುದಿಲ್ಲ. ನಮ್ಮ ಶಾಲೆ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿದೆ. ನಮ್ಮ ಯಜಮಾನರು ಆಫೀಸಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಬಿಟ್ಟು ಹೋಗುತ್ತಾರೆ, ಅಷ್ಟೇ. "ಅಷ್ಟ್ ದೂರಕ್ಕೂ ಕಟ್ಕೋತೀರಾ?" ಎಂದು ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾಳೆ.

ಕಟ್ಟಿಕೊಳ್ಳುತ್ತೇನೆ. ಹಾಗೆಂದು ಇದು ಹುಟ್ಟಿನಿಂದ ಬಂದ ಬುದ್ಧಿಯೇನಲ್ಲ. ಮೊದಲೆಲ್ಲ ಸರ್ಕಲ್ಲಿನಲ್ಲಿ ಬಿಳಿ ಅಂಗಿಯ ಪೊಲೀಸರು ಕಂಡ ಕೂಡಲೇ ಪಟ್ಟಿಯನ್ನು ಎಳೆದು ಎದೆಗೆ ಅಡ್ಡಲಾಗಿ ಹಿಡಿದುಕೊಳ್ಳುತ್ತಿದ್ದೆ. ಅವರು ಹಿಂದೆ ಸರಿದ ಮೇಲೆ ಕೈ ಬಿಟ್ಟರೆ ಅದು ಸುರ್ರೆಂದು ತನ್ನ ಬಿಲ ಸೇರುತ್ತಿತ್ತು. ದೊಡ್ಡ ಮನುಷ್ಯರು ಶಾಲೆಗೆ ಬಂದಾಗ ಮಕ್ಕಳ ಕೈಗೆ ಬಾವುಟ ಕೊಟ್ಟು ನಿಲ್ಲಿಸಿ, ಅವರು ಹೋದ ಮೇಲೆ ಬಾವುಟವನ್ನು ಬೀರುವಿಗೆ ಸೇರಿಸುತ್ತೇವಲ್ಲ, ಹಾಗೆ.

ನಮ್ಮ ಕಡೆ ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಆದರೆ ಕೇಳದೆ ಸುಮ್ಮನಿರುವ ಜನವೂ ನಾವಲ್ಲ. ಹಾಗಾಗಿ ಎಲ್ಲರಿಗೂ ಒಗ್ಗುವ ಒಂದು ಉತ್ತರವನ್ನು ನಾವು ಕಂಡುಕೊಂಡಿದ್ದೇವೆ: "ಇಲ್ಲೇ." ತರಕಾರಿಗೆ ಹೊರಟವರೂ ಇಲ್ಲೇ, ಬೆಂಗಳೂರಿಗೆ ಹೊರಟವರೂ ಇಲ್ಲೇ, ಹೆಣ್ಣು ನೋಡಲು ಹೊರಟವರೂ ಇಲ್ಲೇ. ಈ ಮಾತಿನ ಮೇಲೆ ನನ್ನ ಅಕ್ಕನ ಮಗಳು ಕಾವ್ಯಳಿಗೆ ಬಹಳ ಸಿಟ್ಟು. ಅವಳು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಮೂಳೆ ವಾರ್ಡಿನ ನರ್ಸು. ನನ್ನ ಮನೆಯಲ್ಲೇ ಇದ್ದುಕೊಂಡು ಕೆಲಸಕ್ಕೆ ಹೋಗುತ್ತಾಳೆ. ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಕಾಲು ಚಾಚಿ, "ಚಿಕ್ಕಮ್ಮ, ಕಾಲು ಮುರ್ಕೊಂಡು ಬರ್ತಾರಲ್ಲ, ಎಲ್ಲಿಗೆ ಹೊರಟಿದ್ರಿ ಅಂತ ಕೇಳಿ ನೋಡು. ಇಲ್ಲೇ, ಡೈರಿಗೆ. ಇಲ್ಲೇ, ತೋಟಕ್ಕೆ. ಇಲ್ಲೇ, ಗಾಡಿ ತಿರುಗ್ಸೋಕೆ. ದೂರ ಹೊರಟಿದ್ದೆ ಅನ್ನೋರೇ ಕಮ್ಮಿ" ಎನ್ನುತ್ತಿದ್ದಳು. ನಾನು ಕಾಫಿ ಲೋಟ ಅವಳ ಕೈಗೆ ಕೊಟ್ಟು, ಹೌದೌದು ಎಂದು ತಲೆಯಾಡಿಸಿ, ಮಾರನೆಯ ಬೆಳಿಗ್ಗೆ ಮತ್ತೆ ಪೊಲೀಸರಿಗಾಗಿಯೇ ಪಟ್ಟಿ ಎಳೆಯುತ್ತಿದ್ದೆ.

ಕಾವ್ಯಳ ಅಪ್ಪ, ಅಂದರೆ ನನ್ನ ಭಾವ ಮಹದೇವಪ್ಪನವರು, ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಅದೇ ತಾಲ್ಲೂಕಿನ ಕಡಬದ ಹತ್ತಿರ ಅವರದ್ದೊಂದು ತೆಂಗಿನ ತೋಟವಿದೆ. ತೋಟಕ್ಕೆ ಓಡಾಡಲು ಬೈಕು ಸಾಕಾಗಿತ್ತು. ಆದರೆ ಯಾವುದೋ ಎಸ್ಟೇಟಿನವರು ಮಾರಿದ ಹಳೆಯ ಜೀಪೊಂದು ಅವರ ಕಣ್ಣಿಗೆ ಬಿತ್ತು. ಬಾಗಿಲಿಲ್ಲ, ಮೇಲೆ ಟಾರ್ಪಾಲಿನ ಹೊದಿಕೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಕಪ್ಪೆಯ ಹಾಗೆ ನೆಲಕ್ಕೆ ಕಾಲೂರಿ ಕೂತಿದ್ದ ಆ ಗಾಡಿಯನ್ನು ಭಾವ ಮನೆಗೆ ತಂದ ದಿನ ಅಕ್ಕ ಆರತಿ ಎತ್ತಿ, ಒಳಗೆ ಬಂದು ನನಗೆ ಫೋನು ಮಾಡಿ, "ಸುಮಾ, ನಿಮ್ ಭಾವಂಗೆ ಈ ವಯಸ್ಸಲ್ಲಿ ಎರಡನೇ ಮದುವೆ ಆಯ್ತು ಕಣೇ" ಎಂದಿದ್ದಳು.

ಜೀಪೆಂದರೆ ನನಗೂ ಅಕ್ಕನಿಗೂ ಹೊಸತಲ್ಲ. ನಮ್ಮ ತವರು ಕುಣಿಗಲ್. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದರು. ದನಗಳಿಗೆ ಸೂಜಿಮದ್ದು ಹಾಕುವ ಕಾಲ ಬಂದಾಗ ಇಲಾಖೆಯ ಜೀಪು ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು. ಮದ್ದಿನ ಪೆಟ್ಟಿಗೆಗಳನ್ನು ಇಳಿಸಿದ ಮೇಲೆ ಡ್ರೈವರು ನಮ್ಮನ್ನು ಹತ್ತಿಸಿಕೊಂಡು ಕೆರೆ ಏರಿಯ ತನಕ ಒಂದು ಸುತ್ತು ಹಾಕಿಸುತ್ತಿದ್ದ. ಫಿನಾಯಿಲು, ಡೀಸೆಲು, ಬಿಸಿಯಾದ ರೆಕ್ಸಿನ್ನು ಎಲ್ಲ ಸೇರಿದ ಆ ವಾಸನೆಯನ್ನು ಈಗಲೂ ನಾನು ಕಣ್ಣು ಮುಚ್ಚಿ ಗುರುತಿಸಬಲ್ಲೆ. ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತರೆ ರಸ್ತೆ ನಮ್ಮ ಪಾದದ ಕೆಳಗಿನಿಂದಲೇ ಹುಟ್ಟಿ ಹಿಂದಕ್ಕೆ ಓಡಿದಂತೆ ಕಾಣುತ್ತಿತ್ತು. ಅಕ್ಕ ನನಗಿಂತ ಬಹಳ ದೊಡ್ಡವಳು. ನಾನು ಬೀಳದ ಹಾಗೆ ನನ್ನ ಲಂಗದ ಲಾಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ಒಮ್ಮೆ ಜೀಪು ಗುಂಡಿಗೆ ಇಳಿದು ಎಗರಿದಾಗ ಲಾಡಿ ಕಿತ್ತು ಅವಳ ಕೈಗೇ ಬಂತು. ಇನ್ನೊಂದು ಕೈಯಲ್ಲಿ ನನ್ನ ಜಡೆ ಹಿಡಿದು ಒಳಕ್ಕೆ ಎಳೆದುಕೊಂಡಳು. ಜೀವ ಉಳಿಯಿತು. ಕೆರೆ ಏರಿಯಲ್ಲಿ ಬಟ್ಟೆ ಒಗೆಯುತ್ತಿದ್ದವರ ಮುಂದೆ ಮಾನ ಉಳಿಯಲಿಲ್ಲ.

ಭಾವನ ಜೀಪಿಗೂ ಮೊದಲು ಬೆಲ್ಟಿರಲಿಲ್ಲ. ಜೀಪು ಬಂದ ಹೊಸತರಲ್ಲಿ ನಮ್ಮನ್ನೆಲ್ಲ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದರು. ನೆಟ್ಟಗೆ ಟಾರು ರಸ್ತೆಯಲ್ಲಿ ಹೋಗಿ ದೇವರಿಗೆ ಕೈಮುಗಿದು ಬರಬಹುದಿತ್ತು. ಬೆಟ್ಟದ ಬುಡದಲ್ಲಿ ಭಾವನಿಗೆ ಕಲ್ಲುಮುಳ್ಳಿನ ಒಂದು ಗಾಡಿಜಾಡು ಕಂಡಿತು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಎರಡನೆಯ ಗೇರುಕೋಲನ್ನು ಎಳೆದು, "ಇದು ಮರಾನೂ ಹತ್ತತ್ತೆ ಕಣಮ್ಮ" ಎಂದು ನುಗ್ಗಿಸಿಬಿಟ್ಟರು. ಹಿಂದೆ ಕೂತ ನಾನೂ ಕಾವ್ಯಳೂ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿದೆವು. ಮುಂದೆ ಕೂತ ಅಕ್ಕ ರೆಕ್ಸಿನ್ ಸೀಟಿನ ಮೇಲೆ ತನ್ನ ಪಾಲಿಯೆಸ್ಟರ್ ಸೀರೆಯ ಸಮೇತ ಆ ಕಡೆಗೂ ಈ ಕಡೆಗೂ ಜಾರುತ್ತಿದ್ದಳು. ಕೆಳಗಿಳಿದ ಮೇಲೆ ಕಾವ್ಯ, "ಅಪ್ಪ, ಬೆಲ್ಟ್ ಹಾಕ್ಸೋವರ್ಗೂ ನಾನು ಈ ಗಾಡಿ ಹತ್ತಲ್ಲ" ಎಂದು ಬಸ್ಸಿನಲ್ಲಿ ತುಮಕೂರಿಗೆ ವಾಪಸಾದಳು. ಒಬ್ಬಳೇ ಮಗಳು. ಭಾವ ತುಮಕೂರಿನ ಒಂದು ಗ್ಯಾರೇಜಿನಲ್ಲಿ ಜೀಪು ಬಿಟ್ಟು, ಗಾಡಿ ಮಗುಚಿದರೂ ಕೂತವರ ತಲೆ ಕಾಯುವಂತೆ ಸೀಟುಗಳ ಹಿಂದೆ ದಪ್ಪನೆಯ ಕಬ್ಬಿಣದ ಕಮಾನು ಕೂರಿಸಿ, ಎಲ್ಲ ಸೀಟಿಗೂ ಬೆಲ್ಟು ಹಾಕಿಸಿಕೊಂಡು ಬಂದರು.

ಹಾಕಿಸಿದರೇ ಹೊರತು ತಾವು ಹಾಕಿಕೊಳ್ಳಲಿಲ್ಲ. ಅವರ ಬಳಿ ಕಾರಣಗಳಿಗೆ ಬರವಿರಲಿಲ್ಲ. ಮೊದಲನೆಯದು, ಎದೆಯ ಮೇಲಿನ ಬೆಳ್ಳಿ ಕರಡಿಗೆ. "ಲಿಂಗದ ಮೇಲೆ ಇದ್ಯಾವ್ದೋ ಪಟ್ಟಿ ಒತ್ತುತ್ತೆ, ಸರಿಯಲ್ಲ" ಎನ್ನುತ್ತಿದ್ದರು. ಅಕ್ಕನ ಕೊರಳಲ್ಲೂ ಲಿಂಗವಿತ್ತು. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಕೊಂಡು ಬೆಲ್ಟು ಹಾಕಿಕೊಳ್ಳುತ್ತಿದ್ದುದನ್ನು ಕಂಡ ಮೇಲೆ ಆ ಕಾರಣ ಬಿದ್ದುಹೋಯಿತು. ಆಮೇಲೆ ಹೊಟ್ಟೆ ಬಂತು. ಹೊಟ್ಟೆಯ ನಂತರ ಸೆಕೆ. ಕೊನೆಗೆ ಉಳಿದದ್ದು, ಯಾರೂ ಉತ್ತರ ಕೊಡಲಾಗದ ಒಂದು ವಾದ: "ಹೈವೇನಲ್ಲಾದ್ರೆ ಹಾಕ್ತೀನಪ್ಪ. ನನ್ ತೋಟ, ನನ್ ಗಾಡಿ. ಎತ್ತಿನ ಗಾಡಿಗಿಂತ ನಿಧಾನಕ್ಕೆ ಓಡಿಸ್ತೀನಿ. ಇಲ್ಯಾಕೆ?"

ಉತ್ತರ ಕೊಡಲಾಗದ್ದು ನಮಗೆ. ಕಾವ್ಯ ಕೊಟ್ಟಳು. "ನಿಧಾನಕ್ಕೇ ಹೋಗ್ತೀಯ, ಒಪ್ತೀನಿ. ಆದ್ರೆ ಬದು ಮೇಲೆ, ಹಳ್ಳದಲ್ಲಿ ಹೋಗ್ತೀಯ. ಗಾಡಿ ವಾಲಿದ್ರೆ ತಡೆಯೋಕೆ ಬಾಗಿಲೇ ಇಲ್ಲ. ಮೊದ್ಲು ನೀನು ಬೀಳ್ತೀಯ, ಆಮೇಲೆ ನಿನ್ ಮೇಲೆ ಅದು ಬೀಳತ್ತೆ." ಭಾವ ನಕ್ಕು, "ನೋಡ್ಲಾ ರಂಗ, ನನ್ ಮಗಳು ವಾರ್ಡಲ್ಲಿ ಬೆಡ್ಡು ಹಾಸಿಟ್ಟವ್ಳೆ" ಎಂದು ತೋಟದ ಆಳು ರಂಗಪ್ಪನಿಗೆ ಹೇಳಿದರು.

ಅಕ್ಕ ಬೆಲ್ಟು ಹಾಕಿಕೊಳ್ಳುತ್ತಿದ್ದುದು ಪ್ರಾಣಭಯಕ್ಕಲ್ಲ. "ಜಾರೋದು ತಪ್ತು ಕಣೇ. ಈಗ ಹಾಯಾಗಿ ಕೂರ್ಬೋದು" ಎಂದಳು. ಡ್ರೈವರ್ ಪಕ್ಕದ ಸೀಟಿನ ಬೆಲ್ಟು ಎಡಭುಜದಿಂದ ಬಲಸೊಂಟಕ್ಕೆ ಬರುತ್ತದೆ. ಸೆರಗು ಹಾದುಹೋಗುವುದೂ ಅದೇ ದಾರಿಯಲ್ಲಿ. ಹಾಗಾಗಿ ಅವಳಿಗೆ ಅದು ಸೆರಗಿನ ಮೇಲಿನ ಇನ್ನೊಂದು ಸೆರಗಿನಂತೆ ರೂಢಿಯಾಗಿಬಿಟ್ಟಿತು. ಹಿಟ್ಟಿನ ಗಿರಣಿಗೆ ಹೋದರೂ ಹಾಕಿಕೊಂಡಳು. ಭಾವ ಕೊಬ್ಬರಿ ಮಂಡಿಯ ಹತ್ತಿರ ಯಾರನ್ನೋ ಮಾತಾಡಿಸುತ್ತಾ ನಿಂತರೆ, ನಿಂತ ಜೀಪಿನಲ್ಲೂ ಬೆಲ್ಟು ಹಾಕಿಕೊಂಡೇ ಕೂತು ಹೂ ಕಟ್ಟುತ್ತಿದ್ದಳು. ಹಾದುಹೋಗುವ ಹೆಂಗಸರು, "ಏನ್ ಜಯಮ್ಮ, ಇಮಾನ ಹತ್ತಿದಂಗೆ ಕಟ್ಕೊಂಡು ಕೂತಿದೀರ! ಎಲ್ಲಿಗೆ ಹಾರ್ತೀರಿ?" ಎಂದರೆ, "ಇಲ್ಲೇ" ಎನ್ನುತ್ತಿದ್ದಳು.

ದೀಪಾವಳಿ ಕಳೆದು ಮಳೆ ಬಿಡದೆ ಹಿಡಿದುಕೊಂಡ ವರ್ಷ ಅದು. ಮೋಡ ಹರಿದು ಬಿಸಿಲು ಬಂದ ಒಂದು ಭಾನುವಾರ ನಾನು ಗುಬ್ಬಿಗೆ ಹೋಗಿದ್ದೆ. ಅಕ್ಕ, ಭಾವ, ನಾನು ಮೂವರೂ ತೋಟಕ್ಕೆ ಹೋದೆವು. ಪಂಪ್‌ಹೌಸಿನ ಮುಂದೆ ಮೂರು ಕಲ್ಲಿಟ್ಟು ಸೊನೆ ಅವರೆಕಾಯಿ ಬೇಯಿಸುವ ಏರ್ಪಾಟಾಗಿತ್ತು. ನಾನು ಬೆಂಕಿ ಊದುತ್ತಾ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದೆ. ತೋಟದ ಆ ತುದಿಯಲ್ಲಿ ಕಾಯಿ ಇಳಿಸಿದ್ದನ್ನು ನೋಡಿ ಬರುತ್ತೇನೆಂದು ಭಾವ ಜೀಪು ಹತ್ತಿದರು. ಅಲ್ಲಿ ನುಗ್ಗೆಸೊಪ್ಪು ಚೆನ್ನಾಗಿ ಚಿಗುರಿದೆ, ನಾಲ್ಕು ಕಡ್ಡಿ ತರುತ್ತೇನೆಂದು ಅಕ್ಕನೂ ಹತ್ತಿ, ಎಂದಿನಂತೆ ಬೆಲ್ಟು ಎಳೆದುಕೊಂಡಳು. ನಡೆದು ಹೋದರೆ ಒಂದು ವೀಳ್ಯದೆಲೆ ಅಗಿದು ಮುಗಿಸುವಷ್ಟರಲ್ಲಿ ತಲುಪುವ ದೂರ.

"ಆ ತುದಿಗೆ ಹೋಗೋಕೂ ನಿನ್ನ ಕಟ್ಟಾಕ್ಬೇಕೇನೇ?" ಎಂದರು ಭಾವ.

"ನಿಮ್ ಪಾಡಿಗೆ ನೀವು ಓಡಿಸಿ" ಎಂದಳು ಅಕ್ಕ.

ಜೀಪು ಹೋಯಿತು. ಅದರ ಸದ್ದು ನನ್ನ ಕಿವಿಗೆ ಎಷ್ಟು ರೂಢಿಯಾಗಿತ್ತೆಂದರೆ, ಓಡುತ್ತಿದ್ದಾಗ ಕೇಳಿಸಲೇ ಇಲ್ಲ. ಎಂಜಿನ್ನು ಒಮ್ಮೆ ಜೋರಾಗಿ ಕೂಗಿ, ದಪ್ಪೆಂಬ ಶಬ್ದವಾಗಿ, ಆಮೇಲೆ ಏನೂ ಇಲ್ಲದಂತಾದಾಗ ಮಾತ್ರ ಕೇಳಿಸಿತು. ಪಕ್ಕದ ಹೊಲದಲ್ಲಿ ಯಾರದೋ ಟಿಲ್ಲರು ಓಡುತ್ತಿತ್ತು. ಅದರ ಗದ್ದಲದಲ್ಲಿ ಮತ್ತೇನೂ ಗೊತ್ತಾಗಲಿಲ್ಲ. ಊದುಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಅದನ್ನು ಯಾಕೆ ಹಿಡಿದಿದ್ದೆನೋ, ಎಲ್ಲಿ ಬಿಟ್ಟೆನೋ.

ಮಳೆನೀರು ಬದುವಿನ ಕೆಳಗಿನ ಮಣ್ಣನ್ನು ಒಳಗಿಂದೊಳಗೇ ಕೊರೆದುಬಿಟ್ಟಿತ್ತು. ಮೇಲೆ ಹುಲ್ಲು ಹಾಸಿಕೊಂಡು ಗಟ್ಟಿ ನೆಲದಂತೆಯೇ ಕಾಣುತ್ತಿತ್ತು. ಜೀಪಿನ ಬಲಚಕ್ರಗಳು ಅಲ್ಲಿ ಕುಸಿದು ಗಾಡಿ ಬಲಕ್ಕೆ ವಾಲಿ, ಕೆಳಗಿನ ಪಟ್ಟೆ ನೆಲಕ್ಕೆ ಮಗುಚಿತ್ತು. ಅಡ್ಡಲಾಗಿ ಒಂದು ತೆಂಗಿನಮರ ಸಿಕ್ಕಿದ್ದರಿಂದ ಅದಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಎಡಗಡೆಯ ಚಕ್ರಗಳು ಗಾಳಿಯಲ್ಲಿದ್ದವು. ನಾನು ತಲುಪುವಷ್ಟರಲ್ಲಿ ರಂಗಪ್ಪ ಅಲ್ಲಿದ್ದ. ಅಕ್ಕ ಮೇಲಿನ ಸೀಟಿನಲ್ಲಿ ಬೆಲ್ಟಿನಲ್ಲಿ ಸಿಕ್ಕಿ ನೇತಾಡುತ್ತಿದ್ದಳು. ಮೈಭಾರವೆಲ್ಲ ಪಟ್ಟಿಯ ಮೇಲೆ ಬಿದ್ದಿದ್ದರಿಂದ ಕೊಂಡಿ ಬಿಚ್ಚಲು ಬರುತ್ತಿರಲಿಲ್ಲ. ರಂಗಪ್ಪ ಅವಳ ಕೆಳಗೆ ಬಗ್ಗಿ ನಿಂತು, "ಅಮ್ಮಾವ್ರೇ, ಬಾರ ನನ್ ಬೆನ್ ಮ್ಯಾಕೆ ಬುಡಿ. ಬುಟ್ಟು ಗುಂಡಿ ಒತ್ತಿ" ಎನ್ನುತ್ತಿದ್ದ. ನಾನೂ ಭುಜ ಕೊಟ್ಟೆ. ಕೊಂಡಿ ಬಿಟ್ಟಿತು. ಅಕ್ಕ ನಮ್ಮಿಬ್ಬರ ಮೇಲೆ ಉರುಳಿ ಕೆಳಗಿಳಿದವಳು ತನ್ನ ಮೈ ನೋಡಿಕೊಳ್ಳಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ. ಜೀಪನ್ನು ಬಳಸಿಕೊಂಡು ಆ ಕಡೆಗೆ ಓಡಿದಳು.

ಭಾವ ಮುಂದುಗಡೆ ಕೆಸರಿನಲ್ಲಿ ಬಿದ್ದಿದ್ದರು. ಅವರಿಗೂ ಜೀಪಿನ ಮೂತಿಗೂ ನಡುವೆ ಒಂದು ಮೊಳ ಜಾಗವಿತ್ತು. ಮರ ಇನ್ನೊಂದು ಮೊಳ ಆಚೆಗಿದ್ದಿದ್ದರೆ ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಪೂರ್ತಿ ಮಾಡುವುದಿಲ್ಲ. ನಾವು ಹತ್ತಿರ ಹೋಗುವ ಹೊತ್ತಿಗೆ ಅವರು ನರಳುತ್ತಿದ್ದರು. ಒಬ್ಬರು ನರಳುವುದನ್ನು ಕೇಳಿ ಅಷ್ಟು ಸಂತೋಷ ನನಗೆ ಜೀವನದಲ್ಲಿ ಆಗಿರಲಿಲ್ಲ.

ಕಾವ್ಯಳಿಗೆ ಫೋನು ಮಾಡಿದೆ. ಅಪ್ಪ ಬಿದ್ದರು ಎಂದಷ್ಟೇ ಹೇಳಿದ್ದು. ಅವಳು ಅಳಲಿಲ್ಲ, ಹೇಗೆ ಏನು ಎಂದು ಕೇಳಲಿಲ್ಲ. "ಚಿಕ್ಕಮ್ಮ, ಯಾರೂ ಎತ್ಬೇಡಿ. ಕೂರಿಸ್ಬೇಡಿ. ನೀರು ಕುಡಿಸ್ಬೇಡಿ. ಅಲ್ಲಾಡ್ದಂಗೆ ನೋಡ್ಕೊಳ್ಳಿ. ಆಂಬುಲೆನ್ಸಿಗೆ ನಾನು ಹೇಳ್ತೀನಿ" ಎಂದಳು. ಎಷ್ಟೋ ಜನರಿಗೆ ಹೇಳಿ ರೂಢಿಯಾದ ಧ್ವನಿ. ಕೊನೆಯಲ್ಲಿ ಮಾತ್ರ, "ಅಮ್ಮ?" ಎಂದು ಕೇಳಿ ನಿಲ್ಲಿಸಿದಳು. "ಬೆಲ್ಟು ಹಾಕಿದ್ಲು" ಎಂದೆ. ಫೋನಿನ ಆ ತುದಿಯಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು.

ಆಂಬುಲೆನ್ಸಿನವರು ಹಲಗೆಯ ಮೇಲೆ ಮಲಗಿಸಿ ಕಟ್ಟಿ ಭಾವನನ್ನು ತುಮಕೂರಿಗೆ ತಂದರು. ತೊಡೆಯ ಮೂಳೆ, ಬಲಗಡೆಯ ಕೊರಳೆಲುಬು, ಪಕ್ಕೆಲುಬುಗಳು. ಮಗಳ ವಾರ್ಡಿನಲ್ಲೇ ಹಾಸಿಗೆ ಸಿಕ್ಕಿತು. ಎಲ್ಲರನ್ನೂ "ಎಲ್ಲಿಗೆ ಹೊರಟಿದ್ರಿ?" ಎಂದು ಕೇಳುವ ಕಾವ್ಯ ಅಪ್ಪನನ್ನು ಕೇಳಲಿಲ್ಲ. ಡ್ರಿಪ್ಪಿನ ಬಾಟಲಿ ಸರಿಮಾಡುತ್ತಾ ಆ ಕಡೆ ತಿರುಗಿ ನಿಂತಿದ್ದಳು. ವಿಷಯ ಗೊತ್ತಿಲ್ಲದ ಇನ್ನೊಬ್ಬ ನರ್ಸು ಬಂದು, "ಎಲ್ಲಿಗೆ ಹೋಗ್ತಿದ್ರಿ ಸಾರ್?" ಎಂದು ಕೇಳಿಯೇಬಿಟ್ಟಳು. ಭಾವ ಮಗಳ ಬೆನ್ನನ್ನು ನೋಡಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲವೇನೋ. "ಇಲ್ಲೇ" ಎಂದರು. ಕಾವ್ಯ ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು.

ಆ ಸಂಜೆ ಅಕ್ಕನನ್ನು ಮನೆಗೆ ಕರೆತಂದು ಬಿಸಿನೀರು ಕಾಯಿಸಿದೆ. ರವಿಕೆ ಬಿಚ್ಚಿದಾಗ ನೋಡಿದೆ. ಎಡಭುಜದಿಂದ ಎದೆಯ ಮೇಲೆ ಹಾದು ಬಲಸೊಂಟದ ತನಕ ನೇರಳೆಹಣ್ಣು ಉಜ್ಜಿದಂಥ ಒಂದು ಅಗಲ ಗೆರೆ. ಮುಟ್ಟಲು ಹೋದರೆ "ಬ್ಯಾಡ ಕಣೇ, ಉರಿ" ಎಂದಳು. ಆ ಗೆರೆ ಬಹಳ ದಿನವಿತ್ತು. ನೇರಳೆಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ ಮೆಲ್ಲಗೆ ಮಾಸಿತು. ನಾನು ಬೆಲ್ಟು ಹಾಕಿಕೊಳ್ಳಲು ಶುರುಮಾಡಿದ್ದು ಆಗಲೇ. ಯಾರೂ ಬೋಧನೆ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಕಾರಿನಲ್ಲಿ ಕೂತಾಗ ಕೈ ತಾನಾಗಿ ಭುಜದ ಹಿಂದಕ್ಕೆ ಹೋಯಿತು.

ಭಾವ ಎದ್ದು ಓಡಾಡುವಂತಾಗಲು ತಿಂಗಳುಗಳೇ ಬೇಕಾದವು. ಅಷ್ಟೂ ಕಾಲ ಅವರು ಬಟವಾಡಿಯ ನಮ್ಮ ಮನೆಯಲ್ಲೇ ಇದ್ದರು. ವಾಕರು ಹಿಡಿದು ಹಾಲಿನಿಂದ ಅಡುಗೆಮನೆಯ ತನಕ ಬಂದು, ಬಾಗಿಲಿಗೆ ಒರಗಿ ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಚೇತರಿಸಿಕೊಂಡ ಮೇಲೆ ಒಂದು ದಿನ, "ಆ ಜೀಪನ್ನ ಗುಜರಿಗೆ ಹಾಕ್ಬುಡು ಜಯ. ಅದರ ಮುಖ ನೋಡಲ್ಲ ನಾನು" ಎಂದರು.

ಅಕ್ಕ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. "ಜೀಪೇನ್ ಮಾಡ್ತು? ಕುಸಿದಿದ್ದು ಬದು. ಬೆಲ್ಟು ಇತ್ತು, ಕಮಾನು ಇತ್ತು. ಅದರ ಕೆಲ್ಸ ಅದು ಮಾಡ್ತು" ಎಂದಳು. ಒಂದು ಕಲ್ಲು ಹೆಕ್ಕಿ ಎಸೆದು, "ನಾನು ಕಲೀತೀನಿ" ಎಂದಳು.

ಏನನ್ನು ಎಂದು ನಮಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಭಾವ ನಕ್ಕರು. ಪಕ್ಕೆಲುಬು ನೋಯಿತೆಂದು ನಿಲ್ಲಿಸಿದರು.

ಅಕ್ಕ ಡ್ರೈವಿಂಗ್ ಸ್ಕೂಲು ಸೇರಿದ ಕಥೆಯನ್ನೇ ಬೇರೆ ಬರೆಯಬಹುದು. ಜೊತೆಗೆ ಕಲಿಯುತ್ತಿದ್ದವರೆಲ್ಲ ಕಾಲೇಜು ಹುಡುಗಿಯರು. ಇವಳು ಮೊದಲ ದಿನ ಚಪ್ಪಲಿಯನ್ನು ಕಾರಿನ ಹೊರಗೆ ಬಿಟ್ಟು, ಸ್ಟಿಯರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತಳು. ಗಾಡಿ ಮುಂದೆ ಹೋಗಿ ಚಪ್ಪಲಿ ಅಲ್ಲೇ ಉಳಿಯಿತು. ಎದುರಿಗೆ ದನ ಬಂದರೆ ಹಾರನ್ನು ಒತ್ತುವ ಬದಲು "ಹೈ, ಹೈ" ಎನ್ನುತ್ತಿದ್ದಳಂತೆ. ಕಲಿಸುವವನು, "ಆಂಟಿ, ಕ್ಲಚ್ಚು, ಕ್ಲಚ್ಚು" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ನಾವೆಲ್ಲ ನಗುತ್ತಿದ್ದೆವು. ಆದರೆ ಒಂದು ವಿಷಯದಲ್ಲಿ ಅವಳು ನಗುವುದಕ್ಕೆ ಬಿಡಲಿಲ್ಲ. ಡ್ರೈವರ್ ಸೀಟಿನ ಬೆಲ್ಟು ಬಲಭುಜದಿಂದ ಎಡಕ್ಕೆ ಬರುತ್ತದೆ. ಸೆರಗಿನ ದಾರಿಗೆ ಅಡ್ಡ. ಎದೆಯ ಮೇಲೆ ಗುಣಾಕಾರದ ಗುರುತಿನಂತೆ ಕೂರುವ ಅದು ಅವಳಿಗೆ ಕಿರಿಕಿರಿಯಾಗುತ್ತಿತ್ತು. ಸೆರಗನ್ನು ಮೊದಲೇ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಗದ್ದೆ ನಾಟಿಗೆ ಇಳಿಯುವವರಂತೆ ಕಚ್ಚೆ ಬಿಗಿದ ಧೈರ್ಯದಲ್ಲಿ, ಕೊಂಡಿ ಟಕ್ ಎಂದ ಮೇಲೆಯೇ ಅವಳು ಕೀಲಿ ತಿರುಗಿಸುತ್ತಿದ್ದಳು.

ಜೀಪು ರಿಪೇರಿಯಾಗಿ ಬಂತು. ಒಮ್ಮೆ ಜಗ್ಗಿದ ಬೆಲ್ಟುಗಳನ್ನು ಮತ್ತೆ ನಂಬಬಾರದೆಂದು ಕಾವ್ಯ ಹಟ ಹಿಡಿದು ಎಲ್ಲವನ್ನೂ ಹೊಸದಾಗಿ ಹಾಕಿಸಿದಳು. ಅಕ್ಕ ಅದನ್ನು ಮೊದಲು ಗುಬ್ಬಿಯ ಬೀದಿಗಳಲ್ಲಿ, ಆಮೇಲೆ ತೋಟಕ್ಕೆ, ಆಮೇಲೆ ತುಮಕೂರಿಗೂ ಓಡಿಸಿದಳು. ಬದುವಿನ ಮೇಲೆ ಮಾತ್ರ ಹೋಗುವುದಿಲ್ಲ. ಸುತ್ತು ಹಾಕಿಕೊಂಡೇ ಹೋಗುತ್ತಾಳೆ.

ಭಾವ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತ ದಿನ ನಾನೂ ಹಿಂದೆ ಇದ್ದೆ. ಕೂಡಿಕೊಂಡ ಕೊರಳೆಲುಬು ಇನ್ನೂ ಬಿಗಿಯಾಗಿತ್ತು. ಬಲಗೈಯನ್ನು ಎಡಭುಜದ ಮೇಲೆ ಒಯ್ದು ಪಟ್ಟಿಯನ್ನು ಹಿಡಿಯಲು ಅವರಿಗೆ ಕಷ್ಟವಾಯಿತು. ಎಟುಕುತ್ತಿತ್ತು, ಜಾರುತ್ತಿತ್ತು. ನಾನು ಸಹಾಯಕ್ಕೆ ಮುಂದಕ್ಕೆ ಬಗ್ಗಿದೆ. ಅಕ್ಕ ಕನ್ನಡಿಯಲ್ಲೇ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಕೈ ಸ್ಟಿಯರಿಂಗಿನ ಮೇಲಿಟ್ಟು ಸುಮ್ಮನೆ ಕಾದಳು. ಭಾವ ಕರಡಿಗೆಯನ್ನು ಪಕ್ಕಕ್ಕೆ ಸರಿಸಿ, ಪಟ್ಟಿ ಎಳೆದು, ಕೊಂಡಿಯನ್ನು ಹುಡುಕಿ ಹಾಕಿಕೊಂಡರು. ಅಕ್ಕ ಕೀಲಿ ತಿರುಗಿಸಿದಳು. ಜೀಪು ಹೊರಟಿತು.

ಅವರು ಹೆದರಿದ್ದಾರೆ ಎಂದೇ ನಾನು ತಿಳಿದಿದ್ದೆ. ಮೂಳೆ ಮುರಿದುಕೊಂಡವರು ಹೆದರುವುದು ಸಹಜ. ನಿಂತ ಗಾಡಿಯಲ್ಲೂ ಅವರು ಬೆಲ್ಟು ಬಿಚ್ಚದೆ ಕೂತಿರುವುದನ್ನು ಕಂಡು ಒಳಗೊಳಗೇ ನಗುತ್ತಲೂ ಇದ್ದೆ.

ಮೊನ್ನೆ ಕುಣಿಗಲ್ಲಿನಲ್ಲಿ ನಮ್ಮ ದೊಡ್ಡಪ್ಪನ ಮಗನ ಮನೆಯ ಗೃಹಪ್ರವೇಶವಿತ್ತು. ಅಕ್ಕನೇ ಜೀಪು ಓಡಿಸಿಕೊಂಡು ಗುಬ್ಬಿಯಿಂದ ಬಂದು, ತುಮಕೂರಿನಲ್ಲಿ ನನ್ನನ್ನು ಹತ್ತಿಸಿಕೊಂಡಳು. ಊಟ ಮುಗಿಸಿ ಹೊರಟಾಗ, ಹೊಸ ಮನೆಯ ಬೀದಿಯ ತುದಿಯಲ್ಲಿ ಸೇವಂತಿಗೆ ಮಾರುವವಳು ಕಂಡಳೆಂದು ಅಕ್ಕ ಗಾಡಿ ನಿಲ್ಲಿಸಿ ಇಳಿದುಹೋದಳು. ಹೂವಿನ ಚೌಕಾಸಿ ಎಂದರೆ ಅಕ್ಕನಿಗೆ ಅವಸರವಿಲ್ಲದ ಕೆಲಸ. ಭಾವನೂ ನಾನೂ ಜೀಪಿನಲ್ಲಿ ಉಳಿದೆವು. ಹೊಟ್ಟೆ ತುಂಬ ಹೋಳಿಗೆ. ಬೆಲ್ಟು ಹೊಟ್ಟೆಯ ಮೇಲೆ ಒತ್ತುತ್ತಿದ್ದುದು ಹಿಂದಿನಿಂದಲೇ ಕಾಣುತ್ತಿತ್ತು.

"ಗಾಡಿ ನಿಂತಿದೆ ಭಾವ. ಬಿಚ್ಚಿ ಆರಾಮಾಗಿ ಕೂತ್ಕೊಳ್ಳಿ. ಅಷ್ಟೊಂದು ಭಯನಾ?" ಎಂದು ಕೀಟಲೆ ಮಾಡಿದೆ.

ಭಾವ ತಿರುಗಲಿಲ್ಲ. ಎದುರಿನ ಗಾಜಿನಲ್ಲಿ ಹೂವಿನವಳ ಮುಂದೆ ಬಗ್ಗಿ ನಿಂತ ಅಕ್ಕನನ್ನು ನೋಡುತ್ತಿದ್ದರು.

"ಸಾಯೋ ಭಯ ಅಲ್ಲ ಕಣಮ್ಮ" ಎಂದರು. "ಅವತ್ತು ಬಿದ್ನಲ್ಲ, ನಂಗೆ ಎಚ್ಚರ ತಪ್ಪಿರ್ಲಿಲ್ಲ. ಎಲ್ಲಾ ಗೊತ್ತಾಯ್ತಿತ್ತು. ಎದೆಗೆ ಏಟು ಬಿದ್ದು ಉಸ್ರು ಕಟ್ಟೋಗಿತ್ತು ಅಷ್ಟೇಯ. ಮಕಾಡೆ ಬಿದ್ದಿದೀನಿ. ಓರೆಗಣ್ಣಲ್ಲಿ ಇವ್ಳ ಕಾಲು ಕಾಣ್ತೈತೆ, ಮೇಲೆ ನೇತಾಡ್ತಾವೆ. ನಾನು ಅವ್ಳಿಗೆ ಕಾಣಲ್ಲ, ಗಾಡಿ ಅಡ್ಡ. 'ರೀ, ರೀ' ಅಂತ ಕೂಗ್ತಾವ್ಳೆ. ನಾನು ಬಾಯಿ ತೆಗೀತೀನಿ, ಗಾಳಿನೇ ಬರಲ್ಲ."

ಹೂವಿನವಳು ಮೊಳ ಹಾಕುತ್ತಿದ್ದಳು. ಅಕ್ಕ ಏನೋ ಹೇಳಿ ನಗುತ್ತಿದ್ದಳು.

"ಆಮೇಲೆ 'ಮಾದೇವಾ' ಅಂದ್ಲು. ದೇವ್ರನ್ನ ಕರೀತಾವ್ಳೆ ಅಂದ್ಕೊಂಡೆ. ಯಾರಾದ್ರೂ ಅದೇ ತಾನೆ ಅಂದ್ಕೊಳ್ಳೋದು? ಎರಡ್ನೇ ಸಲ, 'ಮಾದೇವಪ್ಪಾ, ಮಾತಾಡೋ' ಅಂದ್ಲು ಸುಮಾ."

ಗಂಡನ ಹೆಸರು ಹೇಳದ ಕಾಲದಲ್ಲಿ ಬೆಳೆದವಳು ನನ್ನ ಅಕ್ಕ. ಗಂಡನದು ದೇವರ ಹೆಸರೇ ಆದದ್ದರಿಂದ ದೇವರನ್ನೂ ಅವಳು ಆ ಹೆಸರಿನಿಂದ ಕರೆಯುವುದಿಲ್ಲ. "ಅಪ್ಪಾ ಶಿವನೇ" ಎಂದು ದಾರಿ ಬಳಸಿಕೊಂಡು ಹೋಗುತ್ತಾಳೆ. ಮದುವೆಯಲ್ಲಿ ಹೆಸರು ಹೇಳಬೇಕೆಂದು ಎಲ್ಲರೂ ಬಾಗಿಲಿಗೆ ಅಡ್ಡ ನಿಂತಾಗಲೂ ಹೇಳದೆ ಅತ್ತುಬಿಟ್ಟಿದ್ದಳು.

"ಇಷ್ಟ್ ವರ್ಷದಲ್ಲಿ ಒಂದ್ ಸಲಾನೂ ನನ್ ಹೆಸ್ರು ಎತ್ತಿದೋಳಲ್ಲ. ಅವತ್ತು ಮಾತಾಡೋ, ಮಾತಾಡೋ ಅಂತ ಎಷ್ಟ್ ಸಲ ಕೂಗಿದ್ಲೋ. ಸತ್ತಿದ್ರೆ ಸತ್ತೆ ಬುಡು, ಆಗೋದೇ. ಬದುಕಿದ್ದೀನಿ, ಕಿವಿ ಕೇಳ್ತೈತೆ, ಅವ್ಳು ಕೂಗಿದ್ರೆ ಓ ಅನ್ನಕ್ಕಾಗ್ಲಿಲ್ವಲ್ಲ ನಂಗೆ." ಭಾವ ಕೈ ಎತ್ತಿ ಎದೆಯ ಮೇಲಿನ ಪಟ್ಟಿಯನ್ನು ಹಿಡಿದುಕೊಂಡರು. "ಅದಕ್ಕೆ ಹಾಕ್ಕೋತೀನಿ ಕಣಮ್ಮ. ಏನೇ ಆದ್ರೂ ಪಕ್ಕದಲ್ಲಿರ್ಬೇಕು ಅಂತ."

"ಅಕ್ಕನಿಗೆ ಹೇಳಿದೀರಾ?" ಎಂದೆ.

"ಏನಂತ ಹೇಳ್ಲಿ?"

ಅಕ್ಕ ಬಾಳೆಲೆಯಲ್ಲಿ ಸುತ್ತಿದ ಸೇವಂತಿಗೆಯನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಹೂವಿನವಳು ಒಂದು ಗೇಣು ಕೊಸರು ಕೊಟ್ಟಳೆಂದು ಸಂಭ್ರಮ. ಸೀಟಿಗೆ ಹತ್ತಿ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಟ್ಟಿ ಎಳೆದು ಕೊಂಡಿ ಹಾಕಿದಳು. ನಾನೂ ನನ್ನದನ್ನು ಮುಟ್ಟಿ ನೋಡಿಕೊಂಡೆ. ಕೀಲಿ ತಿರುಗಿಸುವ ಮೊದಲು, ರಸ್ತೆಯ ಕಡೆಗೇ ನೋಡುತ್ತಾ, ಅವಳು ಕೇಳಿದಳು:

"ರೀ, ಹಾಕ್ಕೊಂಡಿದೀರಾ?"

"ಓ" ಎಂದರು ಭಾವ.